ಆರನೆಯ ಹೆಸರಿಗೆ ಆಧಾರ ಬೇಕು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು, ನೀವೇ ಹೇಳಿ ನೋಡೋಣ. ಬಾಯ್ಲರ್ ಸಿಡಿದಲ್ಲಿಂದ ಶುರು ಮಾಡಿದರೆ ಕಣ್ಣರಳಿಸಿ ಓದುತ್ತೀರಿ, ಗೊತ್ತು. ಹೊಗೆ, ಕೂಗಾಟ, ದಿಕ್ಕಾಪಾಲಾಗಿ ಓಡುವ ಜನ. ಬರೆಯುವ ನನಗೂ ಹುರುಪು. ಆದರೆ ಅದಾಗಿ ನಲವತ್ತೊಂದು ವರ್ಷವಾಯಿತು, ನಾನಂತೂ ಅಲ್ಲಿರಲಿಲ್ಲ. ಒಬ್ಬ ಟೀಚರ್ ಕಂಪ್ಯೂಟರಿನ ಮುಂದೆ ಕೂತು ಒಂದು ವಾಕ್ಯ ಟೈಪ್ ಮಾಡಿದಲ್ಲಿಂದ ಶುರು ಮಾಡಿದರೆ ಆಕಳಿಸುತ್ತೀರಿ. ಪರವಾಗಿಲ್ಲ, ಆಕಳಿಸಿ. ಬಾಯ್ಲರಿನಿಂದ ಸತ್ತವರು ಆರು ಜನ. ಅವರಲ್ಲೊಬ್ಬ ಎರಡನೇ ಸಲ ಸತ್ತದ್ದು ಆ ವಾಕ್ಯದಿಂದ.

(ಎರಡನೇ ಸಲ ಸತ್ತ ಅನ್ನುವುದು ಸ್ವಲ್ಪ ನಾಟಕದ ಮಾತಾಯಿತು. ಹೊಡೆದುಹಾಕೋಣ ಅಂದುಕೊಂಡೆ. ಹಾಕಲಿಲ್ಲ, ನನಗೆ ಅಷ್ಟು ಸಿಟ್ಟಿದೆ.)

೨

ಮೇಡಂ ಅಂದರೆ ಒಂಬತ್ತನೇ ಕ್ಲಾಸಿಗೆ ಸಮಾಜ ವಿಜ್ಞಾನ ಹೇಳುವವರು. ಕೆಲಸಕ್ಕೆ ಸೇರಿ ಆರು ವರ್ಷವಾದರೂ ಇನ್ನೂ ಖಾಯಂ ಆಗಿಲ್ಲ. ಹಾಗಾಗಿ ಸ್ಕೂಲಿನಲ್ಲಿ ಯಾರಿಗೂ ಬೇಡವಾದ ಕೆಲಸಗಳೆಲ್ಲ ಅವರ ತಲೆಗೇ ಬಂದು ಬೀಳುತ್ತವೆ. ಹೋದ ವರ್ಷ ಬಿದ್ದದ್ದು 'ಮುಕ್ತ ಜ್ಞಾನ' ಯೋಜನೆ. ಎರಡು ದಿನದ ತರಬೇತಿ, ಒಂದು ಪ್ರಮಾಣಪತ್ರ, ಒಂದು ಬಟ್ಟೆ ಚೀಲ. ಇಂಟರ್ನೆಟ್ಟಿನಲ್ಲಿ ಮುಕ್ತ ವಿಶ್ವಕೋಶ ಅಂತ ಇರುತ್ತದಲ್ಲ, ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಅದಕ್ಕೆ ಮಕ್ಕಳ ಕೈಯಲ್ಲಿ ಬರೆಸಬೇಕು. ತಮ್ಮ ಊರಿನ ಬಗ್ಗೆ, ತಲೆಗೆ ಐದು ವಾಕ್ಯ.

ನನ್ನ ಮೊದಲ ಡ್ರಾಫ್ಟಿನಲ್ಲಿ ಈ ಮೇಡಂ ಶುದ್ಧ ಸೋಮಾರಿ. ಸೋಮಾರಿಯಿಂದ ತಪ್ಪಾದರೆ ಬೈಯುವುದು ಸುಲಭ ನೋಡಿ. ಆದರೆ ಹೆಂಗಸು ಸೋಮಾರಿಯಾಗಲು ಸುತರಾಂ ಒಪ್ಪಲಿಲ್ಲ. ಬುಧವಾರದ ಆರನೇ ಪೀರಿಯಡ್ಡಿಗೆ ಮುಂಚೆಯೇ ಹೋಗಿ ಕಂಪ್ಯೂಟರ್ ರೂಮಿನ ಧೂಳು ಒರೆಸುತ್ತಿದ್ದರು. ಇಪ್ಪತ್ತು ಮಷೀನುಗಳಲ್ಲಿ ಜೀವ ಇದ್ದದ್ದು ಹನ್ನೊಂದಕ್ಕೆ; ಅವುಗಳ ಮೇಲೆ ಚೀಟಿ ಅಂಟಿಸಿ, ಯಾವುದಕ್ಕೆ ಯಾರ್ಯಾರು ಅಂತ ಹೆಸರು ಬರೆದಿದ್ದರು. ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಒಂದು ಸಾಲು: "ಗೊತ್ತು ಅಂದರೆ ಸಾಲದು. ಎಲ್ಲಿಂದ ಗೊತ್ತಾಯಿತು?"

"ನಮ್ಮಪ್ಪ ಹೇಳಿದ್ರು, ಪಕ್ಕದ್ಮನೆ ಆಂಟಿ ಹೇಳಿದ್ರು, ಇದೆಲ್ಲ ನಡೆಯಲ್ಲ" ಎನ್ನುತ್ತಿದ್ದರು ಮಕ್ಕಳಿಗೆ. "ಎಲ್ಲಾದ್ರೂ ಅಚ್ಚಾಗಿರ್ಬೇಕು. ನಿಮ್ಮ ಮಾತು ನಂಬದೇ ಇರೋನು ಹೋಗಿ ಅವನ ಕಣ್ಣಲ್ಲೇ ನೋಡೋ ಹಾಗಿರ್ಬೇಕು."

ಎಷ್ಟು ಚೆನ್ನಾಗಿದೆ ಪಾಠ! ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಹೊಟ್ಟೆ ಉರಿಯುವುದು ಅದಕ್ಕೇ.

೩

(ಈ ಭಾಗವನ್ನು ತೆಗೆಯಲಾಗಿದೆ. ಕಾರಣ: ಲೇಖಕರ ಸ್ವಂತ ಅಭಿಪ್ರಾಯ.)

೪

ಹೋದ ವರ್ಷದ ಒಂದು ಬುಧವಾರ. ಕೆಟ್ಟ ವಾಕ್ಯ ಹೇಗಿರುತ್ತದೆ ಎಂದು ಮೇಡಂ ಮಕ್ಕಳಿಗೆ ತೋರಿಸಬೇಕಿತ್ತು. ಹೊಸಬರು ಕೈ ಪಳಗಿಸಿಕೊಳ್ಳಲಿ ಎಂದು ವಿಶ್ವಕೋಶದಲ್ಲೇ 'ಪ್ರಯೋಗಪುಟ' ಅಂತ ಇಟ್ಟಿರುತ್ತಾರೆ. ಅಲ್ಲಿ ಏನು ಗೀಚಿದರೂ ಯಾರಿಗೂ ತೊಂದರೆಯಿಲ್ಲ. ಪಾಠವೆಲ್ಲ ಅದರಲ್ಲೇ ಮಾಡಿ ಎಂದು ತರಬೇತಿಯಲ್ಲಿ ಬಡಕೊಂಡಿದ್ದರು. ಆ ದಿನ ಪ್ರಯೋಗಪುಟ ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡ್ ಬರೆದಿಟ್ಟ ಡೈರಿ ಮನೆಯಲ್ಲಿತ್ತು. ಪಾಸ್‌ವರ್ಡಿಲ್ಲದೆ ಸಲೀಸಾಗಿ ಬರೆಯಲು ಬಿಟ್ಟದ್ದು ಊರಿನ ಹಳೇ ನೂಲಿನ ಮಿಲ್ಲಿನ ನಿಜವಾದ ಪುಟ. ಪೀರಿಯಡ್ಡು ಮುಗಿಯಲು ಇಪ್ಪತ್ತೇ ನಿಮಿಷ ಇತ್ತು.

ಆ ಪುಟದಲ್ಲಿದ್ದದ್ದು ನಾಲ್ಕು ಸಾಲು. ಮಿಲ್ಲು ಯಾವಾಗ ಶುರುವಾಯಿತು, ಎಷ್ಟು ಜನ ದುಡಿಯುತ್ತಿದ್ದರು, ಬಾಯ್ಲರ್ ಸಿಡಿದು ಆರು ಕೆಲಸಗಾರರು ಸತ್ತರು, ಆಮೇಲೆ ಮಿಲ್ಲು ಮುಚ್ಚಿತು. ಮೇಡಂ ಮೂರನೇ ಸಾಲಿನ ತುದಿಗೆ ಕರ್ಸರ್ ಇಟ್ಟು, ಆ ಗಳಿಗೆಗೆ ತೋಚಿದ್ದನ್ನು ಟೈಪ್ ಮಾಡಿದರು: "ಬಾಯ್ಲರ್ ನೋಡಿಕೊಳ್ಳುತ್ತಿದ್ದ ಕೆಲಸಗಾರನ ನಿರ್ಲಕ್ಷ್ಯವೇ ಈ ಅವಘಡಕ್ಕೆ ಕಾರಣ."

"ಏನ್ ತಪ್ಪಿದೆ ಇದ್ರಲ್ಲಿ, ಹೇಳಿ?"

"ಆಧಾರ ಇಲ್ಲ ಮೇಡಂ!" ನಲವತ್ತು ಗಂಟಲು ಒಟ್ಟಿಗೆ.

"ಶಭಾಷ್! ಈಗ 'ಪ್ರಕಟಿಸಿ' ಅನ್ನೋದನ್ನ ಒತ್ತಿ, ಪಕ್ಕದಲ್ಲಿ 'ಆಧಾರ ಬೇಕು' ಅಂತ ಗುರುತು ಹಾಕ್ತೀನಿ. ಮುಂದಿನ ಬುಧವಾರ ಇದನ್ನ ಅಳಿಸೋದು ಹೆಂಗೆ ಅಂತ ಎಲ್ರೂ ಸೇರಿ ಕಲಿಯೋಣ."

ಮುಂದಿನ ಬುಧವಾರ ಕಿರುಪರೀಕ್ಷೆ ಇತ್ತು. ಅದರ ಮುಂದಿನ ಬುಧವಾರ ಕ್ರೀಡಾಕೂಟಕ್ಕೆ ಡ್ರಿಲ್ಲು. ಆಮೇಲೆ ಯೋಜನೆಯ ವರದಿ ಬರೆಯುವ ಗಡಿಬಿಡಿ. ವಾಕ್ಯ ಅಲ್ಲೇ ಉಳಿಯಿತು.

ಇಲ್ಲಿ ಮೇಡಂ ನನ್ನ ಮೇಜಿಗೇ ಬಂದು ನಿಂತರು.

"ಮರೆತೆ ಅಷ್ಟೇ ರೀ. ಯಾರೂ ಮರೆಯೋದೇ ಇಲ್ವಾ? ನನ್ನನ್ನ ಇಷ್ಟು ಕೆಟ್ಟವಳ ಹಾಗೆ ಯಾಕೆ ಬರೀತಿದೀರಿ?"

"ನಿಮ್ಮನ್ನು ಕೆಟ್ಟವರು ಅಂತ ಎಲ್ಲಿ ಬರೆದೆ ಮೇಡಂ? ಧೂಳು ಒರೆಸಿದ್ದನ್ನೂ ಬರೆದಿದ್ದೀನಿ."

"ಬರೆದಿಲ್ಲ. ಆದ್ರೆ ನಿಮ್ಮ ಧಾಟಿ ಹಾಗಿದೆ."

ನಾನು ಮುಂದಿನ ಭಾಗಕ್ಕೆ ಹೋದೆ.

೫

ಎಂಟು ತಿಂಗಳಾಯಿತು. ಮಿಲ್ಲಿನ ಜಾಗದಲ್ಲಿ ದೊಡ್ಡ ಶಾಪಿಂಗ್ ಕಾಂಪ್ಲೆಕ್ಸ್ ಏಳುತ್ತಿತ್ತು. ಊರಿನ ಪತ್ರಿಕೆಯವನೊಬ್ಬ 'ಅಂದು ಮಿಲ್ಲು, ಇಂದು ಮಾಲು' ಎಂದು ಅರ್ಧ ಪುಟ ತುಂಬಿಸಿದ. ಎಲ್ಲಿಂದ ತುಂಬಿಸಿದ? ಎಲ್ಲರೂ ಎಲ್ಲಿಂದ ತುಂಬಿಸುತ್ತಾರೋ ಅಲ್ಲಿಂದಲೇ. ಮೇಡಂ ವಾಕ್ಯ ಅಕ್ಷರ ಅಕ್ಷರ ಹಾಗೇ ಬಂತು. 'ಆಧಾರ ಬೇಕು' ಎಂಬ ಗುರುತು ಮಾತ್ರ ಬರಲಿಲ್ಲ. ಅದು ಕಾಲಮ್ಮಿನಲ್ಲಿ ಹಿಡಿಸಲಿಲ್ಲವೇನೋ.

ಇತ್ತ ವಿಶ್ವಕೋಶದಲ್ಲಿ 'ಸಮದರ್ಶಿ' ಎಂಬ ಹೆಸರಿನಲ್ಲಿ ಪುಟಗಳನ್ನು ಕಾಯುವ ಒಬ್ಬ ಸ್ವಯಂಸೇವಕ. ಎಲ್ಲಿರುತ್ತಾನೆ, ಗಂಡೋ ಹೆಣ್ಣೋ, ಒಂದೂ ಗೊತ್ತಿಲ್ಲ. ಯಾರೂ ಹೇಳದೆ, ಯಾರಿಂದ ಏನೂ ಪಡೆಯದೆ, ಆಧಾರವಿಲ್ಲದ ಮಾತುಗಳಿಗೆ ಆಧಾರ ಹುಡುಕಿ ಅಂಟಿಸುವುದು ಅವನ ಹವ್ಯಾಸ. ಈ ವಾಕ್ಯಕ್ಕೂ ಹುಡುಕಿದ. ಪತ್ರಿಕೆ ಸಿಕ್ಕಿತು, ಅಂಟಿಸಿದ. ಗುರುತು ಹೋಗಿ ಆ ಜಾಗದಲ್ಲಿ ಪುಟ್ಟದೊಂದು ಅಡಿಟಿಪ್ಪಣಿಯ ಅಂಕಿ ಕೂತಿತು. ಸುಳ್ಳಿಗೆ ಅಪ್ಪ ಅಮ್ಮ ಸಿಕ್ಕಿದರು.

ಸಮದರ್ಶಿಯನ್ನು ಬೈಯೋಣವೆಂದರೆ ಅವನೂ ಒಳ್ಳೆಯವನೇ! ಈ ಕಥೆಯಲ್ಲಿ ಎಲ್ಲರೂ ಒಳ್ಳೆಯವರು, ಕರ್ಮ.

೬

ಈ ವರ್ಷದ ಒಂಬತ್ತನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ. ಮಾತಿಗೆ ಮಾತು ಕೊಡುತ್ತಾಳೆಂದು ಕ್ಲಾಸಿನವರೆಲ್ಲ 'ಲಾಯರ್' ಎಂದು ಕರೆಯುತ್ತಾರೆ. ಐದು ವಾಕ್ಯಕ್ಕೆ ಅವಳು ಆರಿಸಿಕೊಂಡದ್ದು ಮಿಲ್ಲನ್ನು, ಯಾಕೆಂದರೆ ಅವಳ ತಾತ ಸತ್ತದ್ದು ಅಲ್ಲೇ. ಪುಟ ತೆರೆದಳು. ಓದಿದಳು. ಇನ್ನೊಂದು ಸಲ ಓದಿದಳು. ಆಮೇಲೆ ಮೇಡಂ ಕುರ್ಚಿಯ ಪಕ್ಕ ಬಂದು ನಿಂತಳು.

"ಮೇಡಂ, ಬಾಯ್ಲರ್ ನೋಡ್ಕೊಳ್ತಿದ್ದಿದ್ದು ನಮ್ಮ ತಾತ."

ಮೇಡಂ ಪರದೆ ನೋಡಿದರು. ತಮ್ಮ ವಾಕ್ಯವನ್ನು ಕಂಡ ಕೂಡಲೇ ಗುರುತು ಹಿಡಿದರು.

"ತಾತ ನಿರ್ಲಕ್ಷ್ಯ ಮಾಡ್ಲಿಲ್ಲ ಮೇಡಂ. ವಾಲ್ವ್ ಕೆಟ್ಟಿದೆ, ಹಬೆ ಹೊರಗೆ ಹೋಗ್ತಿಲ್ಲ ಅಂತ ಹನ್ನೊಂದು ದಿನ ಸೂಪರ್‌ವೈಸರ್ ಹಿಂದೆ ಬಿದ್ದಿದ್ರಂತೆ. ಆ ದಿನಾನೂ ಬಾಯ್ಲರ್ ಆರಿಸೋಕೆ ಅಂತಾನೇ ಒಳಗೆ ಹೋಗಿದ್ದಂತೆ. ಅಜ್ಜಿ ಹೇಳ್ತಾರೆ."

ಮೇಡಂ ಆಗಲೇ ಹೇಳಬಹುದಿತ್ತು. 'ಇದು ನಾನು ಪಾಠಕ್ಕೆ ಅಂತ ಕಟ್ಟಿದ್ದು ಕಣೇ, ಬಾ ಅಳಿಸೋಣ' ಎಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯದಿದ್ದರೂ ಅರ್ಧ ಮುಗಿಯುತ್ತಿತ್ತು. ಆದರೆ ಮೂವತ್ತೊಂಬತ್ತು ಮಕ್ಕಳು ನೋಡುತ್ತಿದ್ದರು. ಬೋರ್ಡಿನ ಮೇಲೆ ಅವರದೇ ಕೈಬರಹ ಇತ್ತು.

"ಅಜ್ಜಿ ಹೇಳಿದ್ದು ಆಧಾರ ಆಗಲ್ಲ, ಗೊತ್ತಲ್ವಾ?" ಎಂದರು. "ಹುಡುಕು. ಅಚ್ಚಾಗಿರೋದು ಏನಾದ್ರೂ ಸಿಗುತ್ತೆ."

ಮರೆತದ್ದು ತಪ್ಪು, ಅದನ್ನು ಯಾರೂ ಮಾಡಬಹುದು. ಆದರೆ ಈ ಮಾತು? ಇದು ಮೇಡಂ ಬಾಯಿಗೆ ಬಾರದಂತೆ ಮಾಡಲು ನಾನು ನಾಲ್ಕು ಡ್ರಾಫ್ಟು ಬರೆದೆ. ನಾಲ್ಕರಲ್ಲೂ ಅವರು ಇದನ್ನೇ ಹೇಳಿದರು.

೭

ಅಜ್ಜಿಗೆ ವಿಶ್ವಕೋಶ ಅಂದರೆ ಏನೆಂದು ಗೊತ್ತಿಲ್ಲ. ಗೊತ್ತಿರುವುದು ಒಂದೇ. ಕಾಂಪ್ಲೆಕ್ಸಿನವರು ಬಾಗಿಲ ಪಕ್ಕ ಒಂದು ಕಲ್ಲು ನಿಲ್ಲಿಸುತ್ತಾರೆ, ಅದರ ಮೇಲೆ ಸತ್ತ ಆರೂ ಜನರ ಹೆಸರಿರುತ್ತದೆ ಎಂದು ಅವರ ಮ್ಯಾನೇಜರ್ ಮನೆಗೇ ಬಂದು ಹೇಳಿ ಹೋಗಿದ್ದ. ಅಜ್ಜಿ ಗಂಡನ ಹೆಸರನ್ನು ಒಂದು ಹಾಳೆಯಲ್ಲಿ ಬರೆಸಿ ಕೊಟ್ಟಿದ್ದರು. ನಲವತ್ತೊಂದು ವರ್ಷ ಆ ಹೆಸರು ಒಂದು ಸರ್ಟಿಫಿಕೇಟಿನಲ್ಲಿ, ಒಂದು ಫೋಟೋದ ಹಿಂದೆ ಬಿಟ್ಟರೆ ಎಲ್ಲೂ ಇರಲಿಲ್ಲ.

ಪತ್ರಿಕೆಯಲ್ಲಿ ಅರ್ಧ ಪುಟ ಬಂದ ಮೇಲೆ ಅದೇ ಮ್ಯಾನೇಜರ್ ಹಾಳೆ ವಾಪಸ್ ತಂದ.

"ಐದು ಜನರ ಮನೆಯವ್ರೂ ಬರ್ತಾರಮ್ಮ. ಯಾರಿಂದ ಸತ್ತರೋ ಅವ್ರ ಹೆಸರೂ ಜೊತೆಗೇ ಇದ್ರೆ ಚೆನ್ನಾಗಿರಲ್ಲ. ನಾನು ಹೇಳ್ತಿರೋದಲ್ಲ, ಇಲ್ಲಿದೆ ನೋಡಿ" ಎಂದು ಮೊಬೈಲ್ ಚಾಚಿದ.

ಅಜ್ಜಿಗೆ ಆ ಅಕ್ಷರ ಕಾಣಿಸಲಿಲ್ಲ. ಮೊಮ್ಮಗಳು ಓದಿ ಹೇಳಿದಳು. ಅಷ್ಟೂ ಓದಬೇಡವೇ ಎಂದು ನಾನು ಅವಳಿಗೆ ಎಷ್ಟು ಸನ್ನೆ ಮಾಡಿದರೂ ಓದಿದಳು.

೮

ಇಲ್ಲಿಂದ ಕಥೆ ಸ್ವಲ್ಪ ಬೋರು ಹೊಡೆಯುತ್ತದೆ, ಯಾಕೆಂದರೆ ಒಂದು ಹುಡುಗಿ ಹೇಳಿಕೊಟ್ಟದ್ದನ್ನೆಲ್ಲ ಸರಿಯಾಗಿ ಮಾಡುತ್ತಾಳೆ.

ಅಜ್ಜಿಯ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಬರೆದು ಹಾಕಿದಳು. ಸಮದರ್ಶಿ ತೆಗೆದ: "ಕುಟುಂಬದವರ ಬಾಯಿಮಾತು ಆಧಾರವಾಗುವುದಿಲ್ಲ. ಕ್ಷಮಿಸಿ."

ಮಿಲ್ಲಿನ ರಿಜಿಸ್ಟರುಗಳನ್ನು ಹುಡುಕಿದಳು. ಮಿಲ್ಲು ಮುಚ್ಚಿದಾಗ ಎಲ್ಲವನ್ನೂ ರದ್ದಿಗೆ ಹಾಕಿದ್ದರು.

ಲೈಬ್ರರಿಯಲ್ಲಿ ಮೂರು ಶನಿವಾರ ಕೂತು, ಹಳೇ ಪತ್ರಿಕೆಗಳ ಕಟ್ಟು ಬಿಚ್ಚಿ, ಸೀನಿ ಸೀನಿ, ಆ ದಿನದ ಸುದ್ದಿಯನ್ನು ಹುಡುಕಿಯೇಬಿಟ್ಟಳು. 'ಆರು ಸಾವು, ಕಾರಣ ತಿಳಿದುಬಂದಿಲ್ಲ' ಎಂದಿತ್ತು. ಕುಣಿದುಕೊಂಡು ಬಂದು ಹಾಕಿದಳು. ಸಮದರ್ಶಿ ಬರೆದ: "ಒಳ್ಳೆಯ ಆಧಾರ, ಧನ್ಯವಾದ. ಅಂದು ಕಾರಣ ತಿಳಿದಿರಲಿಲ್ಲ, ನಂತರ ತಿಳಿದಿದೆ. ಎರಡೂ ಇರಲಿ."

ಆಗ ಅವಳು ಆ ವಾಕ್ಯವನ್ನು ಅಳಿಸಿದಳು. ಅವನು ಮತ್ತೆ ಹಾಕಿದ. ಅಳಿಸಿದಳು. ಹಾಕಿದ. ನಾಲ್ಕನೇ ಸಲ ಅವಳ ಖಾತೆಯನ್ನು ಒಂದು ವಾರ ತಡೆಹಿಡಿದರು. ಕಾರಣದ ಜಾಗದಲ್ಲಿ 'ಪುಟಕ್ಕೆ ಹಾನಿ' ಎಂದಿತ್ತು.

"ಮೇಡಂ" ಎಂದಳು, "ನೀವು ಹೇಳ್ಕೊಟ್ಟಿದ್ದೆಲ್ಲ ಮಾಡಿದೆ. ಇನ್ನೇನಾದ್ರೂ ಬಾಕಿ ಇದ್ಯಾ?"

ಅಳುತ್ತಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ಮೇಡಂಗೆ ತಮ್ಮ ಮುಖವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

೯

ಆ ವಾರ ಮೇಡಂ ಕಡೆಗೂ ಡೈರಿ ತೆರೆದು, ಪಾಸ್‌ವರ್ಡ್ ಹಾಕಿ, ಪುಟದ ಚರ್ಚೆಯ ಜಾಗದಲ್ಲಿ ಬರೆದರು. ಆ ವಾಕ್ಯ ನನ್ನದು, ಪಾಠಕ್ಕಾಗಿ ಕಟ್ಟಿದ್ದು, ಅದಕ್ಕೆ ತಲೆಯೂ ಇಲ್ಲ ಬುಡವೂ ಇಲ್ಲ, ಪತ್ರಿಕೆಯವರು ನನ್ನದನ್ನೇ ಎತ್ತಿಕೊಂಡಿದ್ದಾರೆ, ದಯವಿಟ್ಟು ತೆಗೆಯಿರಿ.

ಸಮದರ್ಶಿ ಎಂದಿನಂತೆ ಮರ್ಯಾದೆಯಿಂದ ಉತ್ತರಿಸಿದ: "ಆ ವಾಕ್ಯ ಸೇರಿಸಿದವರು ಲಾಗಿನ್ ಆಗಿರಲಿಲ್ಲ. ಅದು ನೀವೇ ಎನ್ನಲು ಆಧಾರ ಬೇಕು. ವಾಕ್ಯ ಇಲ್ಲಿ ಮೊದಲು ಬಂದಿದೆ ನಿಜ, ಆದರೆ ಪತ್ರಿಕೆಯವರು ಇದನ್ನೇ ನೋಡಿ ಬರೆದರು ಎನ್ನಲಾಗದು; ಅವರು ಹಿರಿಯರನ್ನು ಕೇಳಿ ಬರೆದೆವು ಎನ್ನುತ್ತಾರೆ. ಪತ್ರಿಕೆ ತಿದ್ದುಪಡಿ ಪ್ರಕಟಿಸಿದರೆ ಆ ಕ್ಷಣವೇ ತೆಗೆಯುತ್ತೇನೆ."

(ಓದುಗರೇ, ಇದರಲ್ಲಿ ಎಲ್ಲಾದರೂ ತಪ್ಪು ಹಿಡಿಯಲು ಸಾಧ್ಯವಾದರೆ ಹಿಡಿಯಿರಿ. ನನಗಾಗಲಿಲ್ಲ.)

ಪತ್ರಿಕೆಗೆ ಫೋನು ಮಾಡಿದರೆ, "ಸ್ಕೂಲಿನ ಲೆಟರ್‌ಹೆಡ್‌ನಲ್ಲಿ ಬರೆದು ಕಳಿಸಿ, ನೋಡೋಣ" ಎಂದರು. ಲೆಟರ್‌ಹೆಡ್ ಇರುವುದು ಹೆಡ್‌ಮಾಸ್ಟರ ಬೀರುವಿನಲ್ಲಿ. ಬೀರುವಿನ ಮೇಲೆ 'ಮುಕ್ತ ಜ್ಞಾನ: ಅತ್ಯುತ್ತಮ ಶಾಲೆ' ಎಂಬ ಫಲಕ.

"ನಮ್ಮ ಟೀಚರೇ ಸುಳ್ಳು ಬರೆದ್ರು ಅಂತ ನಾನು ಸಹಿ ಹಾಕ್ಬೇಕಾ ಮೇಡಂ?" ಎಂದರು ಹೆಡ್‌ಮಾಸ್ಟರು. ಗದರಲಿಲ್ಲ, ನೀರಿನ ಲೋಟ ಮುಂದೆ ಸರಿಸಿದರು. "ನಿಮ್ಮ ಖಾಯಂ ಫೈಲು ಮೊನ್ನೆ ತಾನೇ ಮೇಲೆ ಹೋಗಿದೆ. ಎರಡು ಮಕ್ಕಳ ತಾಯಿ ನೀವು. ಕಲ್ಲಿನ ಮೇಲೆ ಒಂದು ಹೆಸರು ಇದ್ರೆಷ್ಟು, ಬಿಟ್ರೆಷ್ಟು? ನಾಲ್ಕು ದಿನ ತಡ್ಕೊಳ್ಳಿ, ಎಲ್ರೂ ಮರೀತಾರೆ."

"ಸರ್, ಮರೆತಿದ್ದಕ್ಕೇ ಇಷ್ಟೆಲ್ಲ ಆಗಿದ್ದು."

ಮೇಡಂ ಹೀಗೆ ಹೇಳಿದರು ಎಂದು ನಾನು ಬರೆದಿದ್ದೇನೆ. ನಿಜಕ್ಕೂ ಹೇಳಿದರೋ, ಮೆಟ್ಟಿಲಿಳಿಯುವಾಗ ಹೀಗೆ ಹೇಳಬೇಕಿತ್ತು ಎಂದುಕೊಂಡರೋ [ಆಧಾರ ಬೇಕು].

೧೦

ಕಲ್ಲಿನ ಅನಾವರಣ ಶುಕ್ರವಾರ. ಇವತ್ತು ಗುರುವಾರ. ನನಗೂ ಮೇಡಂಗೂ ಉಳಿದಿರುವುದು ಒಂದು ಮಧ್ಯಾಹ್ನ.

ಮುಕ್ತಾಯ ಒಂದು. ಮೇಡಂ ಲೆಟರ್‌ಹೆಡ್ ಕದಿಯುತ್ತಾರೆ. ಪತ್ರಿಕೆ ತಿದ್ದುಪಡಿ ಹಾಕುತ್ತದೆ. ಸಮದರ್ಶಿ ವಾಕ್ಯ ತೆಗೆಯುತ್ತಾನೆ, ಮ್ಯಾನೇಜರ್ ಕೆತ್ತುವವನನ್ನು ಓಡೋಡಿ ಕರೆತರುತ್ತಾನೆ, ಆರನೇ ಹೆಸರು ಬೀಳುತ್ತದೆ, ಹುಡುಗಿ ಮೇಡಂ ಕೈ ಹಿಡಿದುಕೊಳ್ಳುತ್ತಾಳೆ. ಇಷ್ಟು ಬರೆದು ಓದಿಕೊಂಡೆ. ನಾಚಿಕೆಯಾಯಿತು, ಹರಿದೆ.

ಮುಕ್ತಾಯ ಎರಡು. ಐದು ಹೆಸರಿನ ಕಲ್ಲು ನಿಲ್ಲುತ್ತದೆ. ಹೂವು, ಫೋಟೋ, ಚಪ್ಪಾಳೆ. ಮೇಡಂ ಖಾಯಂ ಆಗುತ್ತಾರೆ. ಹುಡುಗಿ ಹತ್ತನೇ ಕ್ಲಾಸಿಗೆ ಹೋಗುತ್ತಾಳೆ, ಒಳ್ಳೇ ಮಾರ್ಕ್ಸ್ ತೆಗೆಯುತ್ತಾಳೆ, ಯಾವ ಟೀಚರಿಗೂ ಇನ್ನು ಎದುರು ಮಾತಾಡುವುದಿಲ್ಲ. ನಡೆಯುವುದು ಇದೇ ಎಂದು ನಿಮಗೂ ಗೊತ್ತು. ಅದಕ್ಕೇ ಬರೆಯಲು ಕೈ ಬರಲಿಲ್ಲ.

"ಮೂರನೇದು ಇಲ್ವಾ?" ಎಂದು ಕೇಳಿದಳು ಲಾಯರ್.

"ಏನು ಬೇಕು ನಿನಗೆ?"

"ಮೇಡಂ ನಮ್ಮನೆಗೆ ಬರ್ಲಿ. ಅಜ್ಜಿ ಎದುರು ಹೇಳ್ಲಿ. ಚರ್ಚೆ ಪುಟದಲ್ಲಿ ಬರೆದ್ರೆ ಅಜ್ಜಿಗೆ ಹೆಂಗೆ ಗೊತ್ತಾಗ್ಬೇಕು?"

ಅದು ನನಗೆ ಹೊಳೆದೇ ಇರಲಿಲ್ಲ.

೧೧

ಒಂದೇ ಕೋಣೆಯ ಮನೆ. ಅಜ್ಜಿ ಕಿಟಕಿಯ ಬೆಳಕಿಗೆ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದರು. ಪಕ್ಕದಲ್ಲಿ ಹೊಲಿದು ಮುಗಿದ ಅಂಗಿಗಳು, ಆಚೆಗೆ ಇನ್ನೂ ಹೊಲಿಯಬೇಕಾದವು. ಹುಡುಗಿ ಸ್ಟೂಲು ಒರೆಸಿ ಮೇಡಂಗೆ ಕೊಟ್ಟಳು.

ಮೇಡಂ ಎಲ್ಲವನ್ನೂ ಹೇಳಿದರು. ಏನನ್ನೂ ಬಿಡಲಿಲ್ಲ. ಮೊದಲ ದಿನವೇ ತಮ್ಮ ವಾಕ್ಯವೆಂದು ಗುರುತು ಸಿಕ್ಕಿದ್ದರೂ ಹುಡುಗಿಯನ್ನು ಎರಡು ತಿಂಗಳು ಅಲೆಸಿದ್ದನ್ನೂ ಹೇಳಿದರು. ಹುಡುಗಿ ಗೋಡೆ ನೋಡುತ್ತ ನಿಂತಿದ್ದಳು; ಆ ಒಂದು ವಿಷಯ ಅವಳಿಗೆ ಈಗಲೇ ಗೊತ್ತಾದದ್ದು.

ಮುಗಿದ ಮೇಲೆ ಅಜ್ಜಿ ಕೇಳಿದರು:

"ನಮ್ಮನೆಯವ್ರ ಪರಿಚಯ ಇತ್ತಾ ನಿಮ್ಗೆ, ಟೀಚರಮ್ಮ?"

"ಇಲ್ಲಮ್ಮ. ಆಗ ನಾನು ಹುಟ್ಟೇ ಇರ್ಲಿಲ್ಲ."

"ಯಾರಾದ್ರೂ ಅವ್ರ ಬಗ್ಗೆ ಹಾಗಂದಿದ್ರಾ?"

"ಇಲ್ಲ. ಅಲ್ಲಿ ಅಂಥವ್ರೊಬ್ರು ಇದ್ರು, ಅವ್ರಿಗೊಂದು ಮನೆ ಇದೆ ಅನ್ನೋದೇ ತಲೆಗೆ ಬರ್ಲಿಲ್ಲಮ್ಮ. ಸುಮ್ನೆ ಉದಾಹರಣೆಗೆ ಅಂತ ಬರೆದೆ. ಏನೋ ಒಂದು ಸುಳ್ಳು ಬೇಕಿತ್ತು."

ಅಜ್ಜಿಯ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದರು.

"ಸುಳ್ಳೇ ಬೇಕಿತ್ತು ಅಂದ್ರೆ ಮಾಲೀಕಂದು ತಪ್ಪು ಅಂತ ಬರೀಬಹುದಿತ್ತು. ಸೂಪರ್‌ವೈಸರಂದು ಅಂತ ಬರೀಬಹುದಿತ್ತು. ಸಿಡಿಲು ಬಡೀತು ಅಂತ್ಲೂ ಬರೀಬಹುದಿತ್ತು. ಅಷ್ಟೆಲ್ಲ ಬಿಟ್ಟು, ಕೆಲ್ಸದವಂದೇ ತಪ್ಪು ಅಂತ ಹೆಂಗೆ ತೋಚಿತು ನಿಮ್ಗೆ?"

೧೨

ಮೇಡಂ ಬಾಯಲ್ಲಿ ಒಂದು ಉತ್ತರ ಇಡಲು ಆಗಿನಿಂದ ನೋಡುತ್ತಿದ್ದೇನೆ. ಎಲ್ಲವೂ ನೆಪದ ಹಾಗೆ ಕೇಳಿಸುತ್ತವೆ.

ನಿಜ ಹೇಳಿಬಿಡುತ್ತೇನೆ. ಆ ವಾಕ್ಯ ಕಟ್ಟಿದ್ದು ನಾನು. ಮೇಡಂಗೊಂದು ಉದಾಹರಣೆ ಬೇಕಾಗಿತ್ತು, ಪೆನ್ನಿನ ತುದಿಗೆ ಮೊದಲು ಬಂದದ್ದು ಅದೇ. ಒಂದು ಗಳಿಗೆ ನಿಲ್ಲಲಿಲ್ಲ. ಓದುವಾಗ ನೀವಾದರೂ ನಿಂತಿರಾ? ನಲವತ್ತು ಮಕ್ಕಳ ಹಾಗೆ ಆಧಾರ ಇಲ್ಲ ಎಂದಷ್ಟೇ ಅಂದುಕೊಂಡು ಮುಂದೆ ಬಂದಿರಿ, ಅಲ್ಲವೇ?

ಇದನ್ನು ಮುಗಿಸು ಎಂದು ಯಾರೂ ನನ್ನನ್ನು ಕೇಳಬೇಡಿ. ಮೇಡಂ ಸ್ಟೂಲಿನ ಮೇಲೇ ಕೂತಿದ್ದಾರೆ. ಹುಡುಗಿ ಗೋಡೆಯಿಂದ ಮುಖ ತಿರುಗಿಸಿ ಅವರನ್ನೇ ನೋಡುತ್ತಿದ್ದಾಳೆ. ಅಜ್ಜಿ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು, ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು, ಉತ್ತರಕ್ಕೆ ಕಾಯುತ್ತಿದ್ದಾರೆ.